ಬೀಶ್ಯಾ ಅಕ್ಕ ಬರೆದ ನಲವತ್ತೊಂದನೆಯ ಪುಟ

‘ದಾಖಲೆ ವಿಭಾಗದ ಸಿಬ್ಬಂದಿಯ ಅಜಾಗರೂಕತೆಯಿಂದ’ ಅಂತ ಬರೆದಿದೆ, ಕಾರ್ಮಿಕ ಇಲಾಖೆಗೆ ನಮ್ಮ ಕಂಪನಿ ಕೊಟ್ಟ ವರದಿಯಲ್ಲಿ. ಹೆಸರು ಹಾಕಿಲ್ಲ, ಎಂಥಾ ಮರ್ಯಾದಸ್ಥರು ನೋಡಿ! ಆ ವಿಭಾಗದಲ್ಲಿ ಇದ್ದದ್ದೇ ಒಬ್ಬರು. ತು ಬೀಶ್ಯಾ. ತುಚೆಂಗ್‌ನ ಕೈಗಾರಿಕಾ ಬೀದಿಯಲ್ಲಿ, ಐದನೇ ಮಹಡಿಯ ನಮ್ಮ ಆಫೀಸಿನಲ್ಲಿ, ಇಪ್ಪತ್ತಾರು ವರ್ಷ ಒಂದೇ ಕಿಟಕಿಯ ಪಕ್ಕ ಕೂತು ಕೈಪಿಡಿ ಬರೆದ ಹೆಂಗಸು. ಅವರಿಗೆ ಅಜಾಗರೂಕತೆ ಅಂದರಲ್ಲ, ಅದನ್ನು ಓದಿದಾಗಿನಿಂದ ನನ್ನ ಮೈ ಉರಿಯುತ್ತಿದೆ. ಅದಕ್ಕೇ ಇದನ್ನು ಬರೆಯಲು ಕೂತಿದ್ದೇನೆ.

ನಾವು ಮಾಡುವುದು ಯಂತ್ರಗಳ ಹೊಟ್ಟೆಯೊಳಗೆ ಕೂರುವ ಬೋರ್ಡು. ಬೋರ್ಡಿನ ಮೇಲೆ ಎರಡು ಸಣ್ಣ ತಂತಿ, ಅದಕ್ಕೆ ನಮ್ಮವರು ಬಸ್ಸು ಅನ್ನುತ್ತಾರೆ. ಆ ತಂತಿಗೆ ಚಿಪ್ಪುಗಳು ಅಂಟಿಕೊಂಡಿರುತ್ತವೆ, ಒಂದೊಂದಕ್ಕೂ ಒಂದೊಂದು ನಂಬರು. ಒಂದು ಚಿಪ್ಪು ಹೇಳಿದ್ದನ್ನು ನೆನಪಿಟ್ಟುಕೊಳ್ಳುತ್ತದೆ. ಇನ್ನೊಂದು ರಿಲೇಗಳನ್ನು, ಅಂದರೆ ಮೋಟಾರು ಹಾಕಿ ಆರಿಸುವ ಸ್ವಿಚ್ಚುಗಳನ್ನು, ನೋಡಿಕೊಳ್ಳುತ್ತದೆ. ಗಿರಾಕಿಯ ಪ್ರೋಗ್ರಾಂ ನೇರವಾಗಿ ತಂತಿ ಮುಟ್ಟುವುದಿಲ್ಲ. ನಾವು ಸಿ ಭಾಷೆಯಲ್ಲಿ ಬರೆದುಕೊಟ್ಟ ಕೋಡಿನ ಕಟ್ಟಿಗೆ, ಅದಕ್ಕೆ ಲೈಬ್ರರಿ ಅನ್ನುತ್ತೇವೆ, ಹೇಳುತ್ತದೆ: ಈ ನಂಬರಿನವನಿಗೆ ಇದನ್ನು ಕೊಡು. ಲೈಬ್ರರಿ ಕೊಟ್ಟು ಬಂದು ‘ಸೊನ್ನೆ’ ಅನ್ನುತ್ತದೆ. ಸೊನ್ನೆ ಅಂದರೆ ಕೆಲಸ ಸರಿಯಾಗಿ ಆಯಿತು ಅಂತ. ಆ ಲೈಬ್ರರಿಯನ್ನು ಬಳಸುವುದು ಹೇಗೆ ಎಂಬ ಕೈಪಿಡಿ ಬೀಶ್ಯಾ ಅಕ್ಕನದು. ಅವರು ಬರೆದದ್ದು ಸರಿಯಿದೆಯೋ ಇಲ್ಲವೋ ಅಂತ ಬೋರ್ಡನ್ನು ಓಡಿಸಿ ನೋಡುವ ಟೆಸ್ಟ್ ಮೇಜು ನನ್ನದು. ಅವರ ಕಿಟಕಿಗೂ ನನ್ನ ಮೇಜಿಗೂ ನಡುವೆ ಒಂದು ಬೀರು, ಅಷ್ಟೇ.

ಯುನ್‌ಲಿನ್ ಕಡೆಯ ಬೆಳ್ಳುಳ್ಳಿ ಹೊಲದವರು ಅಕ್ಕ. ಹದಿನೆಂಟಕ್ಕೆ ತುಚೆಂಗ್‌ಗೆ ಬಂದು ಕೆಳಗಿನ ಮಹಡಿಯಲ್ಲಿ ಬೆಸುಗೆ ಹಾಕುವ ಸಾಲಿನಲ್ಲಿ ಕೂತರು. ಕಣ್ಣು ಮಂಜಾದಾಗ ಮೇಲೆ ಕಾಗದಪತ್ರಕ್ಕೆ ಹಾಕಿದರು. ಆಗ ಕೈಪಿಡಿ ಬರೆಯುವವರೇ ಇರಲಿಲ್ಲ. ಇಂಜಿನಿಯರುಗಳು ಕೋಡ್ ಬರೆದು ‘ಓದಿದರೆ ಗೊತ್ತಾಗುತ್ತೆ’ ಅಂದು ಎದ್ದು ಹೋಗುತ್ತಿದ್ದರು. ಗೊತ್ತಾಗದ ಗಿರಾಕಿಗಳು ಫೋನು ಮಾಡುತ್ತಿದ್ದರು, ಫೋನು ಎತ್ತುತ್ತಿದ್ದವರು ಬೀಶ್ಯಾ ಅಕ್ಕ. ಬೈಗುಳ ತಿಂದು ತಿಂದು ಸಾಕಾಗಿ, ಸಂಜೆ ಶಾಲೆಗೆ ಹೋಗಿ ಸಿ ಕಲಿತು, ತಾವೇ ಬರೆಯತೊಡಗಿದರು.

ಅವರ ಕೆಲಸದ ರೀತಿ ಒಂಥರಾ. ತಮ್ಮ ಕೈಯಾರೆ ಓಡಿಸಿ ನೋಡದೆ ಒಂದು ಸಾಲೂ ಬರೆಯುತ್ತಿರಲಿಲ್ಲ. ಅದೂ ಮೊದಲು ಸರಿಯಾದದ್ದನ್ನು ಓಡಿಸುವುದಿಲ್ಲ, ತಪ್ಪಾದದ್ದನ್ನು ಓಡಿಸುತ್ತಾರೆ. ಇಂಜಿನಿಯರ ಮೇಜಿನ ಹತ್ತಿರ ನಿಂತು, ದಾರಕ್ಕೆ ಕಟ್ಟಿದ ಕನ್ನಡಕ ಮೂಗಿಗೆ ಏರಿಸಿ, ಶುರು ಮಾಡುತ್ತಿದ್ದರು.

“ಇದಕ್ಕೆ ಕೊಡಬಾರದ್ದನ್ನ ಕೊಟ್ರೆ ಏನ್ ಹೇಳತ್ತೆ?”

“ಅಯ್ಯೋ ಅಕ್ಕ, ಯಾರು ಹಾಗೆ ಕೊಡ್ತಾರೆ?”

“ಶುಕ್ರವಾರ ಸಂಜೆ ಮನೆಗೆ ಹೋಗೋ ಅವಸರದಲ್ಲಿ ಇರ್ತಾನಲ್ಲ, ಅವ್ನು ಕೊಡ್ತಾನೆ. ನೀನೇ ಮೊನ್ನೆ ಚಪ್ಪಲಿ ಅದಲು ಬದಲು ಹಾಕ್ಕೊಂಡು ಬಂದಿದ್ಯಲ್ಲ, ಯಾರು ಹಾಗೆ ಹಾಕ್ತಾರೆ?”

ಅವರು ಬರುತ್ತಿದ್ದರೆ ಹುಡುಗರು ಫೋನು ಕಿವಿಗೆ ಹಿಡಿದು ಮೆಟ್ಟಿಲ ಕಡೆ ಓಡುತ್ತಿದ್ದರು. ತಲೆ ತಿನ್ನುತ್ತಾರೆ ಅನ್ನುತ್ತಿದ್ದರು. ನಾನೂ ಅಂದಿದ್ದೇನೆ. ಆದರೆ ನಡುರಾತ್ರಿ ಯಂತ್ರ ಕೈಕೊಟ್ಟು ಕೈಪಿಡಿ ತೆರೆದವನಿಗೆ ಬೇಕಾದ ಸಾಲು ಅದರಲ್ಲಿ ಇರುತ್ತಿತ್ತು. ತಾಯ್‌ಚುಂಗ್‌ನ ಒಬ್ಬ ಗಿರಾಕಿ ವರ್ಷಾ ವರ್ಷಾ ಹೊಸವರ್ಷಕ್ಕೆ ಅಕ್ಕನ ಹೆಸರಿಗೆ ಅನಾನಸ್ ಕೇಕಿನ ಡಬ್ಬ ಕಳಿಸುತ್ತಿದ್ದ. ಅರ್ಧ ಡಬ್ಬ ತಿಂದು ಮುಗಿಸುತ್ತಿದ್ದದ್ದು ನಾನು.

ಕಳೆದ ಮಾರ್ಚಿನಲ್ಲಿ ಹೊಸ ಲೈಬ್ರರಿ ಬಂತು. ಬರೆದ ಇಂಜಿನಿಯರ್ ಅದನ್ನು ಒಪ್ಪಿಸಿದ ವಾರವೇ ಶಿಂಚುವಿನ ದೊಡ್ಡ ಕಂಪನಿಗೆ ಹಾರಿದ. ಅದೇ ತಿಂಗಳ ಒಂದು ಮಧ್ಯಾಹ್ನ, ಊಟದ ಡಬ್ಬಿ ಮುಚ್ಚಿ, ದೀಪ ಆರಿಸಿ, ಎಲ್ಲರೂ ಮೇಜಿನ ಮೇಲೆ ತಲೆಯಿಟ್ಟು ಮಲಗುವ ಅರ್ಧ ಗಂಟೆ. ನಾನು ಕೋಟನ್ನು ತಲೆಗೆ ಸುತ್ತಿಕೊಂಡು ಇನ್ನೇನು ಕಣ್ಣು ಹತ್ತಬೇಕು, ಬೀರುವಿನ ಆಚೆ ಟಕ್ ಅಂತು. ಸ್ವಲ್ಪ ಹೊತ್ತಿಗೆ ಮತ್ತೆ ಟಕ್ ಟಕ್. ಮೂಲೆಯಿಂದ ಯಾರೋ “ಶ್!” ಅಂದರು. ಎದ್ದು ಹೋಗಿ ನೋಡಿದೆ.

“ಅಕ್ಕ, ಮೆಲ್ಲಗೆ ಟೈಪ್ ಮಾಡಿ ಅಂದ್ರೆ ರಿಲೇ ಕುಣಿಸ್ತಾ ಕೂತಿದೀರಲ್ಲ, ಜನಕ್ಕೆ ನಿದ್ದೆ ಬೇಡ್ವಾ?”

“ನಾನು ರಿಲೇ ಮುಟ್ಟೇ ಇಲ್ಲ ಆಕುನ್,” ಅಂದರು. ಮುಖ ಬಿಳುಚಿಕೊಂಡಿತ್ತು. “ನೆನಪಿನ ಚಿಪ್ಪಿಗೆ ಬರೀ ಅಂತ ಹೇಳ್ದೆ. ಹಳೇ ನಂಬರು ಕೊಟ್ಟು. ಸೊನ್ನೆ ಅಂತ ಹೇಳತ್ತೆ. ಆದ್ರೆ ಕುಣೀತಾ ಇರೋದು ರಿಲೇ. ನೀನೇ ಕೇಳು.” ಇನ್ನೊಮ್ಮೆ ಗುಂಡಿ ಒತ್ತಿದರು. ಟಕ್ ಅಂತು. ಪರದೆಯ ಮೇಲೆ ಸೊನ್ನೆ.

ಆಮೇಲೆ ಇಬ್ಬರೂ ಕೂತು ಬಿಡಿಸಿ ನೋಡಿದೆವು. ಹಳೆಯ ಲೈಬ್ರರಿಯಲ್ಲಿ ನೆನಪಿನ ಚಿಪ್ಪಿನ ನಂಬರು ನೂರ ಅರವತ್ತು. ಹೊಸದರಲ್ಲಿ ಅದರ ಅರ್ಧ, ಎಂಬತ್ತು ಕೊಡಬೇಕು. ನಮ್ಮ ಕಸುಬಿನಲ್ಲಿ ಎರಡು ಪದ್ಧತಿಯೂ ಉಂಟು, ಆ ಹುಡುಗ ಯಾರಿಗೂ ಹೇಳದೆ ಒಂದರಿಂದ ಇನ್ನೊಂದಕ್ಕೆ ನೆಗೆದಿದ್ದ. ಅಭ್ಯಾಸಬಲದಿಂದ ಯಾರಾದರೂ ನೂರ ಅರವತ್ತೇ ಕೊಟ್ಟರೆ ಹೊಸ ಲೈಬ್ರರಿ ‘ಇದು ಹೆಚ್ಚಾಯಿತು’ ಅನ್ನುವುದಿಲ್ಲ. ಅದರಲ್ಲಿ ನೂರ ಇಪ್ಪತ್ತೆಂಟನ್ನು ಕತ್ತರಿಸಿ ಎಸೆದು, ಉಳಿದ ಮೂವತ್ತೆರಡಕ್ಕೆ ಕೊಟ್ಟು ಬರುತ್ತದೆ. ನಮ್ಮ ಬೋರ್ಡಿನಲ್ಲಿ ಮೂವತ್ತೆರಡು ಅಂದರೆ ರಿಲೇ ಚಿಪ್ಪು. ನೆನಪಿಟ್ಟುಕೋ ಅಂತ ಕಳಿಸಿದ ಲೆಕ್ಕ ಹೋಗಿ ಮೋಟಾರಿನ ಸ್ವಿಚ್ಚಿನ ಮೇಲೆ ಬೀಳುತ್ತದೆ. ಕಳಿಸಿದವನಿಗೆ ಸಿಗುವುದು ಸೊನ್ನೆ, ಎಲ್ಲ ಸರಿ!

“ಇದನ್ನ ನಿನ್ನ ಟೆಸ್ಟ್ ರಿಪೋರ್ಟಲ್ಲಿ ಬರೀ,” ಅಂದರು ಅಕ್ಕ.

ನನ್ನ ಪಟ್ಟಿಯಲ್ಲಿ ಇರುವುದು ಒಂದೇ ಕಾಲಂ: ಸೊನ್ನೆ ಬಂತೋ ಇಲ್ಲವೋ. ಸದ್ದಿಗೆ ಕಾಲಂ ಇಲ್ಲ. ಸದ್ದು ಬರೆದರೆ ಲೈಬ್ರರಿ ವಾಪಸ್ಸು, ಮತ್ತೆ ಮೂರು ವಾರದ ಟೆಸ್ಟು, ಮ್ಯಾನೇಜರ ಬಾಯಿಗೆ ಬೀಳುವವನು ನಾನು. “ಕೈಪಿಡೀಲಿ ದೊಡ್ಡದಾಗಿ ಬರೆದ್ಬಿಡಿ ಅಕ್ಕ, ಸಾಕಲ್ಲ,” ಅಂದೆ. ಪಟ್ಟಿಯಲ್ಲಿ ಎಲ್ಲ ಸಾಲಿಗೂ ‘ಪಾಸ್’ ಬರೆದು ಸಹಿ ಹಾಕಿದೆ. ಹಾಗೇ ತಾನೇ ಎಲ್ಲರೂ ಮಾಡುವುದು.

ಅಕ್ಕ ಬರೆದರು. ನಲವತ್ತೊಂದನೆಯ ಪುಟ ಪೂರ್ತಿ. ಹಳೆಯ ನಂಬರು ಕೊಡಬೇಡಿ, ಕೊಟ್ಟರೆ ಹೀಗಾಗುತ್ತದೆ, ಸೊನ್ನೆ ಬಂದರೂ ನಂಬಬೇಡಿ, ಹಳೆಯ ಪ್ರೋಗ್ರಾಮಿನಲ್ಲಿ ಈ ಈ ಜಾಗ ಬದಲಿಸಿ. ಎಂಟನೇ ಕ್ಲಾಸಿನವನಿಗೂ ಅರ್ಥವಾಗಬೇಕು, ಹಾಗೆ.

ನಮ್ಮ ಮ್ಯಾನೇಜರು ಕಾಂಗ್. ಒಂದು ಸಾಲು ಕೋಡ್ ಬರೆದವನಲ್ಲ, ಹಲ್ಲು ಗಿಂಜುವುದರಲ್ಲಿ ಎತ್ತಿದ ಕೈ. ಜೂನ್ ಪ್ರದರ್ಶನಕ್ಕೆ ಅಂತ ಅವನು ಆಗಲೇ ಬಣ್ಣದ ಕರಪತ್ರ ಅಚ್ಚು ಹಾಕಿಸಿದ್ದ. ಅದರ ಮೊದಲ ಸಾಲೇ ‘ನಿಮ್ಮ ಹಳೆಯ ಪ್ರೋಗ್ರಾಂ ಒಂದಕ್ಷರ ಬದಲಿಸದೆ ಓಡುತ್ತದೆ.’ ಅಕ್ಕನ ಪುಟ ಹಿಡಿದುಕೊಂಡು ಕಿಟಕಿಯ ಹತ್ತಿರ ಬಂದ.

“ಬೀಶ್ಯಾ ಅಕ್ಕ, ಇದೇನಿದು? ಕರಪತ್ರಕ್ಕೆ ಬೆಂಕಿ ಇಡೋ ಪ್ಲಾನಾ?”

“ಕರಪತ್ರ ಸುಳ್ಳು ಹೇಳತ್ತೆ ಸರ್.”

“ಸುಳ್ಳು ಅನ್ನಬೇಡ್ರಿ, ಮಾರ್ಕೆಟಿಂಗ್ ಅನ್ರಿ. ಬೇರೆ ಯಾವ ಕಂಪನಿ ಕೈಪಿಡೀಲಿ ಇಂಥ ಪುಟ ಇದೆ, ತೋರ್ಸಿ? ಗಿರಾಕಿ ಇದನ್ನ ಓದಿದ್ರೆ ಬೋರ್ಡ್ ತಗೋತಾನಾ, ಓಡಿ ಹೋಗ್ತಾನಾ?”

“ಹಾಗಾದ್ರೆ ಕೋಡ್ ತಿದ್ಸಿ. ಹೆಚ್ಚಿನ ನಂಬರು ಕೊಟ್ರೆ ಆಗಲ್ಲ ಅನ್ಲಿ. ಎರಡು ಸಾಲಿನ ಕೆಲಸ.”

“ಕೋಡ್ ಮುಟ್ಟಿದ್ರೆ ಮತ್ತೆ ಟೆಸ್ಟು. ಪ್ರದರ್ಶನ ಮುಗೀಲಿ, ನೋಡೋಣ. ಅಷ್ಟಕ್ಕೂ ಟೆಸ್ಟ್ ರಿಪೋರ್ಟ್ ಎಲ್ಲಾ ಪಾಸ್ ಇದೆಯಲ್ಲ? ಏನಪ್ಪಾ ಆಕುನ್?”

ನಾನು ಕಂಪ್ಯೂಟರಿನ ಹಿಂದೆ ತಲೆ ತಗ್ಗಿಸಿ ಏನೋ ಹುಡುಕುತ್ತಿದ್ದೆ.

ಪುಟ ಹೋಯಿತು. ನಲವತ್ತರ ನಂತರ ನಲವತ್ತೆರಡಿದ್ದದ್ದನ್ನು ನಲವತ್ತೊಂದು ಮಾಡಿದರು. ಮೂರನೇ ದಿನ ಅಕ್ಕ ತಾವೇ ಕಾಂಗ್‌ನ ಕೋಣೆಗೆ ಹೋದರು, ಬೈಸಿಕೊಂಡು ಬಂದರು. ನಮ್ಮಲ್ಲಿ ಟೆಸ್ಟ್ ಯಂತ್ರದ ಮೇಲೆ ಹಸಿರು ಪೊಟ್ಟಣದ ಕುರುಕಲು ತಿಂಡಿ ಇಟ್ಟರೆ ಯಂತ್ರ ಹಟ ಮಾಡುವುದಿಲ್ಲ ಅಂತ ನಂಬಿಕೆ. ಪೊಟ್ಟಣದ ತಾರೀಕು ಮುಗಿಯುವುದರೊಳಗೆ ಹೊಸದು ತಂದಿಡುತ್ತೇವೆ, ತಪ್ಪಿದರೆ ಕಾಂಗ್‌ನೇ ಕೂಗಾಡುತ್ತಾನೆ. ಜೋಳದ ಕುರುಕಲಿಗಿರುವ ಭಯ ಭಕ್ತಿ ಇಪ್ಪತ್ತಾರು ವರ್ಷ ದುಡಿದ ಹೆಂಗಸಿನ ಮಾತಿಗಿಲ್ಲ. ಥೂ!

ಜುಲೈ ಕೊನೆಗೆ ಕೀಲಂಗ್‌ನಿಂದ ಸುದ್ದಿ ಬಂತು. ಬಂದರಿನ ಪಕ್ಕ ಮೀನುಂಡೆ ಮಾಡುವ ಒಂದು ಸಣ್ಣ ಕಾರ್ಖಾನೆ. ಮೀನು ರುಬ್ಬುವ ಅವರ ದೊಡ್ಡ ಡ್ರಮ್ಮಿನಲ್ಲಿ ನಮ್ಮ ಬೋರ್ಡು. ಯಂತ್ರ ಮಾಡಿದವನು ಕರಪತ್ರ ನಂಬಿ ಅವತ್ತು ಬೆಳಿಗ್ಗೆಯಷ್ಟೇ ಹೊಸ ಲೈಬ್ರರಿ ಹಾಕಿದ್ದ, ಪ್ರೋಗ್ರಾಂ ಮುಟ್ಟಿರಲಿಲ್ಲ. ಆ ಪ್ರೋಗ್ರಾಂ ದಿನದ ಕೆಲಸ ನಿಲ್ಲಿಸಿದ ಮೇಲೆ ಒಂದು ಸಲ ಮಾತ್ರ ನೆನಪಿನ ಚಿಪ್ಪಿಗೆ ಬರೆಯುತ್ತದೆ, ಇವತ್ತು ಎಷ್ಟು ರುಬ್ಬಿದೆ ಅಂತ. ಶಿಯುಯುನ್ ಅಂತ ಒಬ್ಬ ಹೆಂಗಸು ಸಂಜೆ ಯಂತ್ರ ನಿಲ್ಲಿಸಿದಳು. ಬ್ಲೇಡು ನಿಂತಿತು, ಮುಚ್ಚಳ ತೆರೆಯಿತು. ತಳದಲ್ಲಿ ಉಳಿದ ಹಿಟ್ಟನ್ನು ಬಾಚಲು ಬಲಗೈ ಹಾಕಿದಳು. ಆಗ ಯಂತ್ರ ಲೆಕ್ಕ ಬರೆಯಿತು.

ಮೂರು ಬೆರಳು.

ಯಂತ್ರ ಮಾಡಿದವನು ಬ್ಲೇಡಿಗೆ ಬೇರೆ ತಡೆ ಇಟ್ಟಿರಬೇಕಿತ್ತು, ಇಟ್ಟಿರಲಿಲ್ಲ. ಅವನ ಪಾಲಿನದು ಅವನಿಗೆ. ನಮ್ಮ ಪಾಲಿನದು?

ಸುದ್ದಿ ಬಂದ ದಿನ ಅಕ್ಕ ಊಟದ ಡಬ್ಬಿ ತೆರೆಯಲಿಲ್ಲ. ಹೊಸ ಲೈಬ್ರರಿ ಪಡೆದ ಮೂವತ್ತೊಂದು ಗಿರಾಕಿಗಳ ಪಟ್ಟಿಯನ್ನು ಡ್ರಾಯರಿನಿಂದ ತೆಗೆದು, ಮೆಟ್ಟಿಲ ಮೇಲೆ ಕೂತು, ತಮ್ಮ ಸ್ವಂತ ಫೋನಿನಿಂದ ಒಬ್ಬೊಬ್ಬರಿಗೇ ಹೇಳತೊಡಗಿದರು. “ಈ ಪಟ್ಟಿ ಜೂನ್‌ನಲ್ಲೂ ಇಲ್ಲೇ ಇತ್ತು ಆಕುನ್,” ಅಂದರು ನನಗೆ. “ಕಾಂಗ್‌ಗೆ ಹೆದರಿ ಸುಮ್ನೆ ಕೂತೆ. ನನ್ನ ಬುದ್ಧಿಗೆ ಏನಾಗಿತ್ತು?”

“ಸುಮ್ನಿರಿ ಅಕ್ಕ. ಪುಟ ಕಿತ್ತವನು ಅವ್ನು. ನೀವ್ಯಾಕೆ ಅಳ್ತೀರಿ?”

ಕಾರ್ಮಿಕ ಇಲಾಖೆಯವರು ವಿವರಣೆ ಕೇಳಿದರು. ಯಾರ ತಲೆಯ ಮೇಲಾದರೂ ಗೂಬೆ ಕೂರಿಸಬೇಕಿತ್ತು, ಕಾಂಗ್‌ಗೆ ಸಿಕ್ಕ ತಲೆ ಅಕ್ಕನದು. ಗುರುವಾರ ಜನರಲ್ ಮ್ಯಾನೇಜರ ಮುಂದೆ ಮೀಟಿಂಗು ಅಂತ ಗೊತ್ತಾಯಿತು. ಬುಧವಾರ ಅಕ್ಕ ನನ್ನ ಮೇಜಿನ ಹತ್ತಿರ ಬಂದರು.

“ಆಕುನ್, ನಿನ್ನ ರಿಪೋರ್ಟ್ ಹಿಡ್ಕೊಂಡೇ ನನ್ನ ಮುಗಿಸ್ತಾನೆ ಅವ್ನು. ನಾಳೆ ನೀನು ಬಂದು ಒಂದೇ ಮಾತು ಹೇಳು. ಆ ಮಧ್ಯಾಹ್ನ ರಿಲೇ ಸದ್ದು ನೀನೂ ಕೇಳಿದೆ ಅಂತ. ಬೇರೇನೂ ಬೇಡ.”

“ಹೇಳ್ತೀನಿ ಅಕ್ಕ! ಅವನ ಮುಖಕ್ಕೆ ಹೊಡೆದ ಹಾಗೆ ಹೇಳ್ತೀನಿ. ಆ ಅಯೋಗ್ಯನಿಗೆ ಎದುರು ನಿಂತು ಹೇಳೋರು ಯಾರೂ ಇಲ್ಲ ಅಂತ ತಾನೇ ಇಷ್ಟು ಕೊಬ್ಬು?”

“ಕೂಗಾಡ್ಬೇಡ, ಮಾರಾಯ. ಹೇಳಿದ್ರೆ ಸಾಕು.” ನನ್ನ ಭುಜ ತಟ್ಟಿ ಹೋದರು. ಅವತ್ತು ಮನೆಯಲ್ಲಿ ಹೆಂಡತಿಯ ಮುಂದೆ ನಾನು ಆ ಮಾತನ್ನು ನಾಲ್ಕು ಥರ ಹೇಳಿ ನೋಡಿದೆ. ನಾಲ್ಕೂ ಚೆನ್ನಾಗಿತ್ತು.

ಮೀಟಿಂಗ್ ಕೋಣೆಯಲ್ಲಿ ನಾವು ನಾಲ್ವರೇ. ಜನರಲ್ ಮ್ಯಾನೇಜರು ವಯಸ್ಸಾದವರು, ದನಿ ಎತ್ತುವವರಲ್ಲ. ಕಾಂಗ್ ನೀಟಾಗಿ ಫೈಲು ಜೋಡಿಸಿಕೊಂಡು ಬಂದಿದ್ದ.

“ಪುಟ ತೆಗೆದಿದ್ದು ನಾನೇ, ಇಲ್ಲ ಅನ್ನಲ್ಲ ಸರ್,” ಅಂದ. ಎಂಥಾ ಪ್ರಾಮಾಣಿಕ! “ಆದ್ರೆ ಯಾಕೆ ತೆಗೆದೆ? ಟೆಸ್ಟ್ ರಿಪೋರ್ಟಲ್ಲಿ ಇಲ್ಲದ್ದನ್ನ ಕೈಪಿಡೀಲಿ ಹಾಕೋಕೆ ಆಗತ್ತಾ? ರಿಪೋರ್ಟ್ ನೋಡಿ, ಎಲ್ಲಾ ಪಾಸ್. ಇವರಿಗೆ ಅನುಮಾನ ಇದ್ದಿದ್ರೆ ಟೆಸ್ಟ್ ಮಾಡ್ಸಿ, ಬರೆಸ್ಕೊಂಡು ಬರ್ಬೇಕಿತ್ತು. ಬರ್ಲಿಲ್ಲ. ಅಜಾಗರೂಕತೆ ಅಲ್ದೆ ಮತ್ತೇನು ಇದು?”

“ಬರೀ ಅಂತ ಹೇಳಿದ್ದೆ ಸರ್,” ಅಂದರು ಅಕ್ಕ. “ಸದ್ದು ನಾನೊಬ್ಬಳೇ ಕೇಳಿಲ್ಲ. ಆಕುನ್ ಪಕ್ಕದಲ್ಲೇ ನಿಂತಿದ್ದ. ಅವನನ್ನೇ ಕೇಳಿ.”

ಮೂವರೂ ನನ್ನ ಕಡೆ ತಿರುಗಿದರು.

“ಹೇಳಪ್ಪ,” ಅಂದರು ಜನರಲ್ ಮ್ಯಾನೇಜರು.

ಬಾಯಿ ತೆರೆದೆ. ಅಷ್ಟರಲ್ಲಿ ಕಾಂಗ್ ರಿಪೋರ್ಟನ್ನು ಮೆಲ್ಲಗೆ ನನ್ನ ಮುಂದೆ ಸರಿಸಿದ. “ಯೋಚನೆ ಮಾಡಿ ಹೇಳು ಆಕುನ್. ಇದು ಇಲಾಖೆಗೆ ಹೋಗತ್ತೆ, ಅಲ್ಲಿಂದ ಕೋರ್ಟಿಗೂ ಹೋಗ್ಬಹುದು. ಗೊತ್ತಿದ್ದೂ ಪಾಸ್ ಅಂತ ಸಹಿ ಹಾಕಿದ್ರೆ ಅದಕ್ಕೆ ಬೇರೇನೇ ಹೆಸರಿದೆ. ಸಹಿ ನಿಂದು ತಾನೇ?”

ಸಹಿ ನನ್ನದೇ. ಕೆಳಗೆ ತಾರೀಕು ಕೂಡ ನನ್ನದೇ ಕೈಬರಹ. ಅದೇ ಮಧ್ಯಾಹ್ನದ ತಾರೀಕು. ನಾಲ್ಕು ಥರ ಕಲಿತು ಬಂದ ಮಾತಿನಲ್ಲಿ ಒಂದೂ ಬಾಯಿಗೆ ಬರಲಿಲ್ಲ.

“ನಾನು... ಊಟ ಆದ್ಮೇಲೆ ಮಲಗಿರ್ತೀನಿ ಸರ್,” ಅಂದೆ. “ಅವತ್ತೂ ಮಲಗಿದ್ದೆ. ಸದ್ದು ಕೇಳಿದ ನೆನಪಿಲ್ಲ.”

ಕಾಂಗ್ ಫೈಲು ಮುಚ್ಚಿದ. ಅಕ್ಕ ನನ್ನನ್ನು ನೋಡಿದರು. ಬೈಯುತ್ತಾರೆ ಅಂದುಕೊಂಡೆ, ಎದ್ದು ಕೆನ್ನೆಗೆ ಬಾರಿಸಿದರೂ ತಕ್ಕದ್ದೇ ಅಂದುಕೊಂಡೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು, ಅಷ್ಟೇ.

ಕಾಂಗ್ ಸುಳ್ಳ, ಹಲ್ಕಾ, ಕರಪತ್ರಕ್ಕೆ ಒಬ್ಬಳ ಬೆರಳು ಕೊಟ್ಟವನು. ಅದನ್ನು ಸಾವಿರ ಸಲ ಹೇಳಬಲ್ಲೆ, ಹೇಳುತ್ತಲೂ ಇದ್ದೇನೆ, ಹೇಳಿದಷ್ಟೂ ಸಿಟ್ಟು ಏರುತ್ತದೆಯೇ ಹೊರತು ಇಳಿಯುವುದಿಲ್ಲ. ಆದರೆ ಆ ಕೋಣೆಯಲ್ಲಿ ಸುಳ್ಳು ಹೇಳಿದವನು ಅವನಲ್ಲ. ಪುಟ ತೆಗೆದದ್ದು ನಾನೇ ಅಂತ ಅವನು ಒಪ್ಪಿಕೊಂಡ.

ಶುಕ್ರವಾರ ಅಕ್ಕ ಕಿಟಕಿಯ ಪಕ್ಕದ ಸಾಮಾನು ರಟ್ಟಿನ ಪೆಟ್ಟಿಗೆಗೆ ತುಂಬಿದರು. ರಾಜೀನಾಮೆ ಅಂತ ಕಂಪನಿ ಹೇಳುತ್ತದೆ. ಸಹಾಯ ಮಾಡಲು ಹೋಗುವ ಮುಖ ನನಗಿರಲಿಲ್ಲ. ಅವರೇ ಬೀರುವಿನ ಈ ಕಡೆ ಬಂದರು. ಕೈಯಲ್ಲಿ ಗಿರಾಕಿಗಳ ಪಟ್ಟಿ. ಇಪ್ಪತ್ತು ಹೆಸರಿನ ಮುಂದೆ ಕೆಂಪು ಗುರುತು.

“ಹನ್ನೊಂದು ಜನ ಉಳಿದಿದಾರೆ,” ಅಂದರು. “ಕಂಪನಿಯವಳಲ್ಲ ಅಂತಾದ್ರೆ ನನ್ನ ಮಾತು ಯಾರೂ ಕೇಳಲ್ಲ. ನೀನು ಮಾಡು. ಮೊದ್ಲು ಪಟ್ಟೀಲಿ ಕೊನೇಲಿರೋನಿಗೆ ಫೋನ್ ಮಾಡು, ಅವನದು ಲಿಫ್ಟಿನ ಬಾಗಿಲು.”

“ಅಕ್ಕ, ನಾನು...”

“ಇವತ್ತೇ ಮಾಡು.” ಪೆಟ್ಟಿಗೆ ಎತ್ತಿಕೊಂಡು ಹೋದರು.

ಮೆಟ್ಟಿಲ ಮೇಲೆ ಕೂತು ಮಾಡಿದೆ. ಲಿಫ್ಟಿನ ಬಾಗಿಲಿನವನು ಮೊದಲು ನಂಬಲಿಲ್ಲ. “ನೀವ್ಯಾರು? ನಿಮ್ಮ ಕರಪತ್ರದಲ್ಲಿ ಏನೂ ಬದಲಿಸೋದು ಬೇಡ ಅಂತ ಇದೆ. ನಿಮಗೆ ಹೇಗೆ ಗೊತ್ತು?”

“ನನ್ನ ಕಿವಿಯಾರೆ ಕೇಳಿದೀನಿ,” ಅಂದೆ. ಸಲೀಸಾಗಿ ಬಂತು ಮಾತು. “ಮಾರ್ಚ್‌ನಲ್ಲಿ, ಮಧ್ಯಾಹ್ನ, ಊಟ ಆದ್ಮೇಲೆ. ಸೊನ್ನೆ ಅನ್ನತ್ತೆ, ಆದ್ರೆ ರಿಲೇ ಟಕ್ ಅನ್ನತ್ತೆ. ನಾನು ಪಕ್ಕದಲ್ಲೇ ನಿಂತಿದ್ದೆ.”

ಅದಕ್ಕೆ ಅವನು ಒಂದು ಪ್ರಶ್ನೆ ಕೇಳಿದ. ಉಳಿದ ಹತ್ತು ಜನರೂ ಕೇಳಿದ್ದು ಅದನ್ನೇ.

“ಮಾರ್ಚ್‌ನಲ್ಲೇ ಗೊತ್ತಿತ್ತಾ? ಮತ್ತೆ ಇಷ್ಟು ದಿನ ಯಾಕ್ರೀ ಹೇಳ್ಲಿಲ್ಲ?”